ಕಾಯುವ ಕಣ್ಣು ಎಲ್ಲಿರಬೇಕು

ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿ, ಅದರೊಳಗೆ ಬಲೂನ್ ಬಿಟ್ಟು ಹಿಗ್ಗಿಸಿ, ಸ್ಟೆಂಟ್ ಕೂರಿಸಿದ ಮೇಲೆ ರೋಗಿಯನ್ನು ಎಲ್ಲಿಗೆ ಕಳಿಸಬೇಕು? ಐಸಿಯುಗೋ, ವಾರ್ಡಿಗೋ? ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕ್ಯಾಥ್ ಲ್ಯಾಬಿನ ಪಕ್ಕದ ರಿಕವರಿ ಕೋಣೆಗೆ ಇನ್‌ಚಾರ್ಜ್ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು ನಾನು. ಈ ಪ್ರಶ್ನೆಗೆ ಉತ್ತರ ಬರೆಯುವವರು ಡಾಕ್ಟರು. ಆ ಉತ್ತರದ ಪಕ್ಕ ರಾತ್ರಿಯಿಡೀ ನಿಲ್ಲುವವರು ನಾವು. ಹಾಸಿಗೆ ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ತಳ್ಳಿದರಾಯಿತು ಎನ್ನುವವರಿದ್ದಾರೆ, ನನಗೆ ಹಾಗನ್ನಿಸಲಿಲ್ಲ. ಒಂದು ಜೀವವನ್ನು ಕಾಯುವುದೆಂದರೆ ಏನು? ಸುಮ್ಮನೆ ನೋಡುತ್ತಿದ್ದರೆ ಕಾದಂತಾಗುತ್ತದೆಯೇ? ಒಬ್ಬರನ್ನು ಕಾಯಲು ಬಂದ ಕಣ್ಣು ಯಾರನ್ನು ಬಿಟ್ಟು ಬಂತು? ಟ್ರಾಲಿಯ ಗಾಲಿ ಉರುಳುವಾಗಲೇ ಈ ಪ್ರಶ್ನೆಗಳೂ ಬೆನ್ನಿಗೆ ಬರುತ್ತಿದ್ದವು.

ಈ ಚಿಕಿತ್ಸೆಯ ಪರಿಚಯವಿಲ್ಲದವರಿಗೆ ಒಂದಿಷ್ಟು ಹೇಳಬೇಕು. ನಾಳ ಕಿರಿದಾದಾಗ ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಮುಟ್ಟುವುದಿಲ್ಲ. ಇಡೀ ದೇಹದಲ್ಲೇ ಒತ್ತಡ ಕುಸಿದಿದೆ ಎಂಬಂತೆ ಅದು ರೆನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ, ಬಿಪಿ ಏರುತ್ತದೆ. ರೆನಿನ್ ಇದೆಯೆಂದು 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟಿಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ತೋರಿಸಿದರು. ನಾಯಿಗಳ ಮೂತ್ರಪಿಂಡದ ನಾಳಕ್ಕೆ ಬಿಗಿ ಹಾಕಿದರೆ ಬಿಪಿ ಏರಿಯೇ ನಿಲ್ಲುತ್ತದೆಂದು 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ತೋರಿಸಿದ. ಕಿರಿದಾದ ಆ ನಾಳವನ್ನು ಬಲೂನಿನಿಂದ ಹಿಗ್ಗಿಸಿದ್ದನ್ನು ಆಂಡ್ರಿಯಾಸ್ ಗ್ರುಂಟ್‌ಜಿಗ್ 1978ರಲ್ಲಿ ಪ್ರಕಟಿಸಿದ. ಈಗ ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ತಂತಿ ತೂರಿಸಿ, ಡೈ ಬಿಟ್ಟು ನಾಳವನ್ನು ಪರದೆಯ ಮೇಲೆ ನೋಡುತ್ತ ಕೆಲಸ ಮುಗಿಸುತ್ತಾರೆ. ರೋಗಿಗೆ ಎಚ್ಚರವಿರುತ್ತದೆ. ಎಲ್ಲರಿಗೂ ಇದು ಬೇಕಿಲ್ಲ. ವಯಸ್ಸಾಗಿ ಕೊಬ್ಬು ಕಟ್ಟಿ ನಾಳ ಕಿರಿದಾದವರಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಬರೀ ಔಷಧಿ ತೆಗೆದುಕೊಂಡವರಿಗಿಂತ ಒಟ್ಟಾರೆ ಮೇಲಾಗಲಿಲ್ಲವೆಂದು 2009ರ ಆಸ್ಟ್ರಲ್, 2014ರ ಕೋರಲ್ ಅಧ್ಯಯನಗಳು ಹೇಳಿದವು. ಹಾಗಾಗಿ ನಮ್ಮ ಕೋಣೆಗೆ ಬರುತ್ತಿದ್ದವರು ಆರಿಸಿ ತೆಗೆದ ಕಷ್ಟದ ರೋಗಿಗಳು: ನಾಲ್ಕೈದು ಮಾತ್ರೆಗೂ ಬಿಪಿ ಬಗ್ಗದವರು, ನಡುರಾತ್ರಿ ಇದ್ದಕ್ಕಿದ್ದಂತೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿದವರು, ನಾಳದ ಗೋಡೆಯೇ ಉರಿದು ದಪ್ಪಗಾಗುವ ತಕಾಯಾಸು ಕಾಯಿಲೆಯ ಹುಡುಗಿಯರು.

ಕೆಲಸ ಮುಗಿದ ಮೇಲೆ, ತಂತಿ ತೂರಿಸಲು ತೊಡೆಯಲ್ಲಿ ಇಟ್ಟಿದ್ದ ನಳಿಕೆ ತೆಗೆದು, ಹದಿನೈದು ಇಪ್ಪತ್ತು ನಿಮಿಷ ಕೈಯಿಂದಲೇ ಒತ್ತಿ ಹಿಡಿಯುತ್ತೇವೆ. ಆಮೇಲೆ ಕಾಲು ಮಡಚದೆ ತಾಸುಗಟ್ಟಲೆ ಅಂಗಾತ ಮಲಗಬೇಕು. ಮೊದಲ ತಾಸಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಬಿಪಿ, ನಾಡಿ, ತೊಡೆಸಂದು, ಪಾದ. ಮೂತ್ರದ ಚೀಲದಲ್ಲಿ ಎಷ್ಟು ಇಳಿಯಿತು, ಯಾವ ಬಣ್ಣ. ರಕ್ತ ಹೊರಗೆ ಬಂದರೆ ಬೆಡ್‌ಶೀಟೇ ಹೇಳುತ್ತದೆ. ಒಳಗೆ, ಹೊಟ್ಟೆಯ ಹಿಂಭಾಗಕ್ಕೆ ಇಳಿಯುತ್ತಿದ್ದರೆ ಯಾರು ಹೇಳಬೇಕು?

ನವಲಗುಂದದ ಕಡೆಯ ಒಬ್ಬ ರೈತರು ಹಾಗೆ ಮಲಗಿದ್ದರು. ಮಾನಿಟರ್ ಮೇಲೆ ಬಿಪಿ ಚೆನ್ನಾಗಿತ್ತು, ನಾಡಿ ತುಸು ಚುರುಕಾಗಿತ್ತಷ್ಟೆ. ಅವರ ಬಲಗೈ ಬೆರಳು ಮಾತ್ರ ಬೆಡ್‌ಶೀಟಿನ ಅಂಚನ್ನು ಹಿಡಿದು ಬಿಡುತ್ತಿದ್ದವು, ಹಿಡಿದು ಬಿಡುತ್ತಿದ್ದವು. "ಏನರ ಆಗಾಕತ್ತೈತೇನ್ರಿ ಯಜಮಾನ್ರ?" ಎಂದೆ. "ಏನಿಲ್ಲಬೇ" ಎಂದರು. ಫ್ಯಾನಿನ ಕೆಳಗೆ ಮಲಗಿದ ಮನುಷ್ಯನ ಮೇಲ್ತುಟಿಯ ಮೇಲೆ ಬೆವರು. ಪಕ್ಕದಲ್ಲಿ ನಿಂತೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ, ಹೇಳುವುದೋ ಬೇಡವೋ ಎನ್ನುವಂತೆ, "ಬೆನ್ನಾಗ ಒಂಥರಾ ಆಗಾಕತ್ತೈತಿ ನೋಡವಾ" ಎಂದರು. ಡಾಕ್ಟರನ್ನು ಕರೆದೆ. ಸ್ಕ್ಯಾನಿನಲ್ಲಿ ಹೊಟ್ಟೆಯ ಹಿಂದೆ ರಕ್ತ ಕಟ್ಟಿದ್ದು ಕಂಡಿತು. ರಕ್ತ ಕೊಟ್ಟರು, ಸೋರುವುದು ನಿಂತಿತು, ಅವರು ನಡೆದುಕೊಂಡೇ ಮನೆಗೆ ಹೋದರು. ಇಂಥ ಸೋರಿಕೆಯಲ್ಲಿ ದೇಹ ತನ್ನ ನಾಳಗಳನ್ನು ಬಿಗಿದುಕೊಂಡು ಬಿಪಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಅದು ಕುಸಿಯುವ ಹೊತ್ತಿಗೆ ತಡವಾಗಿರುತ್ತದೆ. ಸೊಂಟ ನೋಯುತ್ತಿದ್ದರೂ ಹೊಲಕ್ಕೆ ಹೋಗುವ ಜನ ನಮ್ಮವರು. ಬೆನ್ನಿನಲ್ಲಿ ಒಂಥರಾ ಆಯಿತೆಂದು ಬೆಲ್ ಒತ್ತಿ ಸಿಸ್ಟರನ್ನು ಕರೆಯುವವರಲ್ಲ. ಆ ಮಾತು ಹೊರಗೆ ಬರಬೇಕಾದರೆ ಹತ್ತಿರದಲ್ಲಿ ಯಾರಾದರೂ ನಿಂತಿರಬೇಕು, ನಿಂತವರಿಗೆ ಅವಸರ ಇರಬಾರದು.

ನೈಟ್ ಡ್ಯೂಟಿ ಇಲ್ಲದ ಸಂಜೆಗಳಲ್ಲಿ ನಾನು ಸಿದ್ಧಾರೂಢ ಮಠಕ್ಕೆ ಹೋಗುತ್ತಿದ್ದೆ, ಈಗಲೂ ಹೋಗುತ್ತೇನೆ. ಸಿದ್ಧಾರೂಢರ ಕಾಲದಿಂದ ಅಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರದ ಮೇಲೆ, ವೇದಾಂತದ ಮೇಲೆ ಪ್ರವಚನ ನಡೆದುಬಂದಿದೆ. ಒಂದು ಸಂಜೆ ಪ್ರವಚನಕಾರರು ವಿದ್ಯಾರಣ್ಯರ ಪಂಚದಶಿಯ ಹತ್ತನೆಯ ಪ್ರಕರಣ ಎತ್ತಿಕೊಂಡರು. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು ಅಲ್ಲಿ ಸಾಕ್ಷಿ ಎಂದರೆ ಏನೆಂದು ಹೇಳಲು ನಾಟಕಶಾಲೆಯ ದೀಪವನ್ನು ತೋರಿಸುತ್ತಾರೆ. ಆ ದೀಪ ಯಜಮಾನನನ್ನೂ ಸಭಿಕರನ್ನೂ ನರ್ತಕಿಯನ್ನೂ ಒಂದೇ ಸಮ ಬೆಳಗುತ್ತದೆ. ಕುಣಿತ ಚೆನ್ನಾಗಿದ್ದರೆ ಹೆಚ್ಚು ಉರಿಯುವುದಿಲ್ಲ, ಕೆಟ್ಟರೆ ಕುಂದುವುದಿಲ್ಲ. ಎಲ್ಲರೂ ಎದ್ದುಹೋದ ಮೇಲೂ ಉರಿಯುತ್ತಲೇ ಇರುತ್ತದೆ. ನಮ್ಮೊಳಗಿನ ನೋಡುವವನೂ ಹಾಗೆ, ಸುಖದುಃಖ ಅಂಟದವನು.

ಅದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಐಸಿಯುದ ಮಾನಿಟರ್. ಅದಕ್ಕೆ ಸಾಹುಕಾರನೂ ಒಂದೇ, ಕೂಲಿಯವನೂ ಒಂದೇ. ನಿದ್ದೆ ಬರುವುದಿಲ್ಲ, ಸಿಟ್ಟು ಬರುವುದಿಲ್ಲ. ರೋಗಿ ಹೋದ ಮೇಲೂ ಯಾರಾದರೂ ಆರಿಸುವ ತನಕ ಗೆರೆ ಎಳೆಯುತ್ತಲೇ ಇರುತ್ತದೆ. ಸಾಕ್ಷಿಯ ಲಕ್ಷಣ ಇದೇ ಆದರೆ ನಮಗಿಂತ ಆ ಯಂತ್ರವೇ ಮೇಲಲ್ಲವೇ? ರೈತರ ಬೆರಳು ನೋಡಿ ಒಳಗೊಳಗೇ ನಡುಗಿದ ನಾನು ಅಂಟಿಕೊಂಡವಳು, ಅಂಟಿಕೊಂಡದ್ದರಿಂದಲೇ ನಿಂತೆ. ಪ್ರವಚನ ಮುಗಿದ ಮೇಲೆ ಹೋಗಿ ಕೇಳಿದೆ. "ಅಪ್ಪಾರ, ದೀಪ ಬೆಳಕ ಕೊಡತೈತಿ, ಖರೆ. ಕುಣಿಯಾಕಿ ಕಾಲ ಜಾರಿ ಬಿದ್ದರ ಎಬ್ಬಸತೈತೇನ್ರಿ?" ಅವರು ತಡಮಾಡದೆ ಹೇಳಿದರು. "ಎಬ್ಬಸಾಕ ಸಭಾದಾಗ ಮಂದಿ ಅದಾರವಾ. ಬಿದ್ದದ್ದು ಅವರಿಗೆ ಕಾಣಸತೈತಲ್ಲ, ಅಷ್ಟ ದೀಪದ್ದು."

ಈ ಉತ್ತರದ ಜೊತೆ ನಾನು ಬಹಳ ಕಾಲ ಬದುಕಿದ್ದೇನೆ. ಸಾಕ್ಷಿ ಎನ್ನುವುದು ಕೆಲಸ ಮಾಡುವ ಇನ್ನೊಬ್ಬ ವ್ಯಕ್ತಿಯಲ್ಲ. ಕೈ ಕಟ್ಟಿ ಕುಳಿತು ನೋಡುವವನೆಂದು ಅದನ್ನು ಬೈಯುವುದೂ ಸರಿಯಲ್ಲ, ಕೈ ಕಟ್ಟಿ ಕೂಡ್ರಲು ಅದನ್ನು ನೆಪ ಮಾಡಿಕೊಳ್ಳುವುದೂ ಸರಿಯಲ್ಲ. ಎಬ್ಬಿಸಬೇಕಾದವರು ಸಭೆಯಲ್ಲಿದ್ದಾರೆ. ಅವರಿಗೆ ಕಾಣಬೇಕು. ಹಾಗಾದರೆ ಕಾಣದಂತೆ ಮಾಡುವುದು ಯಾವುದು? ನಾನು ಕಂಡಂತೆ, ಹೆಚ್ಚಿನ ಸಲ ಅದು ಭಯ.

ರೋಗಿಯ ಕಡೆಯವರು ಬಂದು ಕೈಮುಗಿದು ಹೇಳುತ್ತಾರೆ: "ಎಷ್ಟರ ಖರ್ಚಾಗಲಿ ಸಿಸ್ಟರ್, ಐಸಿಯುದಾಗ ಇಡ್ರಿ." ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಮಾತು ಆಡಲು ಎತ್ತು ಮಾರಿ ಬಂದವರನ್ನೂ ನೋಡಿದ್ದೇನೆ. ಡಾಕ್ಟರೂ ಒಮ್ಮೊಮ್ಮೆ, ನಾಳೆ ಯಾರೂ ಕೇಳಬಾರದೆಂದು ಐಸಿಯು ಎಂದು ಬರೆದುಬಿಡುತ್ತಾರೆ. ಇಬ್ಬರಿಗೂ ಅಲ್ಲಿ ಧೈರ್ಯ ಸಿಗುತ್ತದೆ. ಮಲಗಿದವನಿಗೆ ಏನು ಸಿಗುತ್ತದೆ ಎಂಬುದು ಬೇರೆ ಪ್ರಶ್ನೆ. ಅದೇ ರಾತ್ರಿ ಕಲಘಟಗಿ ಕಡೆಯಿಂದ ಹಾವು ಕಚ್ಚಿದ ಹುಡುಗನೊಬ್ಬ ಕ್ಯಾಶುಯಲ್ಟಿಗೆ ಬಂದಿರುತ್ತಾನೆ, ರೆಪ್ಪೆ ಎತ್ತಲಾಗದೆ, ಉಸಿರು ಸಣ್ಣಗಾಗುತ್ತ. ಅವನಿಗೆ ಐಸಿಯು ಎಂದರೆ ವೆಂಟಿಲೇಟರು, ವೆಂಟಿಲೇಟರೆಂದರೆ ಪ್ರಾಣ. ಕೊನೆಯ ಹಾಸಿಗೆಯಲ್ಲಿ ಬಿಪಿ ನೆಟ್ಟಗಿರುವ, ನೋವಿಲ್ಲದ, ಊಟ ಯಾವಾಗ ಎಂದು ಕೇಳುತ್ತಿರುವ ಸ್ಟೆಂಟಿನ ರೋಗಿ ಮಲಗಿದ್ದರೆ, ಆ ಹಾಸಿಗೆಯನ್ನು ಕಾಯಿಲೆಯಲ್ಲ, ನಮ್ಮ ಭಯ ಹಿಡಿದುಕೊಂಡಿದೆ. ದೀಪ ಎಲ್ಲರನ್ನೂ ಒಂದೇ ಸಮ ಬೆಳಗುತ್ತದೆ ಎಂಬ ಮಾತಿಗೆ ಆಸ್ಪತ್ರೆಯಲ್ಲಿ ಅರ್ಥವಿದ್ದರೆ ಅದು ಇಲ್ಲಿಯೇ: ನನ್ನವನನ್ನು ನೋಡುವ ಬೆಳಕಿನಲ್ಲೇ ಕ್ಯಾಶುಯಲ್ಟಿಯ ಬಾಗಿಲಲ್ಲಿರುವ ಆ ಹುಡುಗನೂ ಕಾಣಬೇಕು. ಹಾಸಿಗೆ ಎಲ್ಲಿ ಎಂಬ ಪ್ರಶ್ನೆಯನ್ನು ವೈದ್ಯಕ್ಕಿಂತ ಮೊದಲು ಧರ್ಮದ ಪ್ರಶ್ನೆ ಎಂದು ನಾನು ತಿಳಿದದ್ದು ಇದಕ್ಕೇ.

ಐಸಿಯು ಹುಟ್ಟಿದ್ದಾದರೂ ಹೇಗೆ ಎಂದು ನೆನೆಯಬೇಕು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ ಮಕ್ಕಳು ಉಸಿರಾಡಲಾಗದೆ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಗಂಟಲಲ್ಲಿ ರಂಧ್ರ ಮಾಡಿ ನಳಿಕೆ ಇಟ್ಟು, ಚೀಲ ಒತ್ತಿ ಉಸಿರು ಕೊಡುವ ದಾರಿ ತೋರಿಸಿದ. ಒತ್ತುವವರು ಯಾರು? ವೈದ್ಯ ವಿದ್ಯಾರ್ಥಿಗಳು, ಸಾವಿರಕ್ಕೂ ಮೇಲೆ, ಪಾಳಿ ಹಚ್ಚಿಕೊಂಡು ಒಬ್ಬೊಬ್ಬ ರೋಗಿಯ ಪಕ್ಕ ಕುಳಿತು ಹಗಲೂ ರಾತ್ರಿ ಒತ್ತಿದರು. ಮರುವರ್ಷ ಇಬ್ಸೆನ್ ಆರಂಭಿಸಿದ ಘಟಕವನ್ನು ಜಗತ್ತಿನ ಮೊದಲ ಐಸಿಯುಗಳಲ್ಲಿ ಒಂದೆನ್ನುತ್ತಾರೆ. ಅದಕ್ಕೂ ಸುಮಾರು 90 ವರ್ಷ ಮೊದಲೇ ಫ್ಲಾರೆನ್ಸ್ ನೈಟಿಂಗೇಲ್, ಆಪರೇಷನ್ ಕೋಣೆಗೆ ಹೊಂದಿಕೊಂಡು ರೋಗಿಗಳು ಚೇತರಿಸಿಕೊಳ್ಳುವ ತನಕ ಇರುವ ಸಣ್ಣ ಕೋಣೆಗಳ ಬಗ್ಗೆ ಬರೆದಿದ್ದಳು. ಎರಡರ ಬೇರೂ ಒಂದೇ, ರೋಗಿಯ ಪಕ್ಕದಲ್ಲಿ ಒಬ್ಬ ಮನುಷ್ಯ. ಮಾನಿಟರ್ ಆಮೇಲೆ ಬಂತು. ಬಂದದ್ದು ಒಳ್ಳೆಯದೇ, ರಾತ್ರಿ ಮೂರಕ್ಕೆ ನನ್ನ ಕಣ್ಣು ತಪ್ಪಿಸಬಹುದಾದದ್ದನ್ನು ಅದು ಹಿಡಿದುಕೊಟ್ಟಿದೆ. ಮನುಷ್ಯರು ಕಡಿಮೆಯಾದರೂ ಮಾನಿಟರ್ ಇದೆಯಲ್ಲ ಎಂಬ ಸಮಾಧಾನವನ್ನು ಮಾತ್ರ ನಾನು ಒಪ್ಪಲಾರೆ.

ಮಾನಿಟರ್ ಇದ್ದೂ ಮನುಷ್ಯರು ಏಕೆ ಬೇಕೆಂದು ನನಗೆ ತೋರಿಸಿಕೊಟ್ಟವಳು ಒಬ್ಬ ಹುಡುಗಿ. ತಕಾಯಾಸು ಕಾಯಿಲೆಯವಳು, ಮದುವೆ ಗೊತ್ತಾಗಿತ್ತು. ಈ ಕಾಯಿಲೆ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ ಬರುತ್ತದೆ. ನಮ್ಮ ದೇಶದ ಎಳೆಯರಲ್ಲಿ ಮೂತ್ರಪಿಂಡದ ನಾಳ ಕಿರಿದಾಗಲು ಮುಖ್ಯ ಕಾರಣಗಳಲ್ಲಿ ಇದೊಂದು. ಹೆಸರು ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಾಯಾಸು ಅವರದು. 1908ರಲ್ಲಿ ಅವರು ಒಬ್ಬ ಎಳೆಯ ಹೆಂಗಸಿನ ಕಣ್ಣಿನ ಒಳಪರದೆಯಲ್ಲಿ ನಾಳಗಳು ವಿಚಿತ್ರವಾಗಿ ಹೆಣೆದುಕೊಂಡದ್ದನ್ನು ಸಭೆಯ ಮುಂದಿಟ್ಟರು. ಅದೇ ಸಭೆಯಲ್ಲಿದ್ದ ಇತರ ವೈದ್ಯರು, ತಾವು ಕಂಡ ಇಂಥ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲವೆಂದು ಹೇಳಿದರು. ಕಣ್ಣಿನಲ್ಲಿ ಒಬ್ಬರಿಗೆ ಕಂಡದ್ದು ಮಣಿಕಟ್ಟಿನಲ್ಲಿ ಇನ್ನೊಬ್ಬರಿಗೆ ಕಂಡಿತ್ತು.

ನಮ್ಮ ಹುಡುಗಿಯ ಎರಡೂ ಕೈಗಳಲ್ಲಿ ನಾಡಿ ಇದ್ದೂ ಇಲ್ಲದಂತಿತ್ತು, ಭುಜದ ಹತ್ತಿರದ ನಾಳಗಳೂ ಕಟ್ಟಿದ್ದವು. ತೋಳಿಗೆ ಪಟ್ಟಿ ಕಟ್ಟಿದರೆ ಬಿಪಿ 80, 90. ತೊಡೆಗೆ ಕಟ್ಟಿದರೆ 170. ಅವಳ ಹೃದಯ, ಅವಳ ಮಿದುಳು, ಅವಳ ಹೊಸ ಸ್ಟೆಂಟು ಯಾವುದನ್ನು ತಾಳಿಕೊಳ್ಳುತ್ತಿವೆ ಎಂಬುದನ್ನು ತೊಡೆ ಹೇಳುತ್ತಿತ್ತು. ತಂತಿ ಬಲತೊಡೆಯಿಂದ ಹೋಗಿದ್ದರಿಂದ ಪಟ್ಟಿಯನ್ನು ಎಡತೊಡೆಗೇ ಕಟ್ಟಬೇಕು, ದೊಡ್ಡ ಅಳತೆಯದ್ದು. ಅವಳ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿದ್ದೆ: ಎಡತೊಡೆಯಲ್ಲಿ ಮಾತ್ರ ಬಿಪಿ. ಇದನ್ನು ತಿಳಿಯದವರು ರೂಢಿಯಂತೆ ತೋಳಿಗೆ ಕಟ್ಟಿದರೆ ಮಾನಿಟರ್ ಕೆಂಪಾಗಿ ಕೂಗುತ್ತದೆ, ಡ್ಯೂಟಿ ಡಾಕ್ಟರು ಓಡಿಬರುತ್ತಾರೆ, ಬಿಪಿ ಏರಿಸುವ ಔಷಧಿಗೆ ಕೈ ಹಾಕುತ್ತಾರೆ. ಏರಿಸಬಾರದ ಕಡೆ ಏರಿಸಿದಂತಾಗುತ್ತದೆ. ಎಲ್ಲರೂ ಎಚ್ಚರವಾಗಿಯೇ ಇದ್ದು, ಯಂತ್ರವೂ ಸರಿಯಾಗಿಯೇ ಇದ್ದು ಹೀಗಾಗಬಹುದು. ಅವಳನ್ನು ಐಸಿಯುಗೆ ಕಳಿಸಿದ್ದರೂ ನಡೆಯುತ್ತಿತ್ತು, ನಮ್ಮಲ್ಲೇ ಇಟ್ಟುಕೊಂಡರೂ ನಡೆಯುತ್ತಿತ್ತು. ಎಲ್ಲಿಗೆ ಹೋದರೂ ಅವಳ ಬಗೆಗಿನ ಈ ಒಂದು ಮಾತು ಅವಳ ಜೊತೆ ಹೋಗಬೇಕಿತ್ತು. ಎಲ್ಲಿ ಇಡಬೇಕು ಎನ್ನುವುದಕ್ಕಿಂತ ಎಲ್ಲಿ ನೋಡಬೇಕು ಎಂದು ಬಲ್ಲವರು ಎಲ್ಲಿದ್ದಾರೆ ಎಂಬುದು ದೊಡ್ಡ ಪ್ರಶ್ನೆ ಎಂದು ನನಗೆ ಅಂದು ಖಚಿತವಾಯಿತು.

ಹಾಗೆಂದು ವಾರ್ಡೇ ಸಾಕು ಎನ್ನುವವಳಲ್ಲ ನಾನು. ಒಬ್ಬಳೇ ಸಿಸ್ಟರು ಇಪ್ಪತ್ತು ಮೂವತ್ತು ಹಾಸಿಗೆ ನೋಡಿಕೊಳ್ಳುವ ವಾರ್ಡಿನ ಮೂಲೆಗೆ ಆ ರೈತರನ್ನು ತಳ್ಳಿದ್ದರೆ ಅದು ಕೈಬಿಟ್ಟಂತೆಯೇ. ನನ್ನ ಮಾತು ಇಷ್ಟು: ಉಸಿರಿನ ತೊಂದರೆಯಿಂದ ಬಂದವರು, ಬಿಪಿಗೆ ಡ್ರಿಪ್ಪಿನಲ್ಲಿ ಔಷಧಿ ಹೋಗುತ್ತಿರುವವರು, ತಂತಿ ನಾಳಕ್ಕೆ ಗಾಯ ಮಾಡಿರಬಹುದೆಂಬ ಅನುಮಾನ ಇರುವವರು ಐಸಿಯುಗೇ ಹೋಗಬೇಕು. ಉಳಿದವರು ಮೊದಲ ಆರು ತಾಸು ರಿಕವರಿ ಕೋಣೆಯಲ್ಲಿ, ಚಿಕಿತ್ಸೆಗೆ ಮೊದಲೇ ತಮ್ಮನ್ನು ನೋಡಿದ್ದ ಸಿಸ್ಟರಿನ ಕೈಯಳತೆಯಲ್ಲಿ ಇರಲಿ. ಆಮೇಲೆ ವಾರ್ಡಿನಲ್ಲಿ, ಸಿಸ್ಟರುಗಳ ಮೇಜಿನ ಎದುರಿನ ಹಾಸಿಗೆಯಲ್ಲಿ, ಮನೆಯವರೊಬ್ಬರ ಜೊತೆ.

ಮನೆಯವರು ಎಂದದ್ದಕ್ಕೆ ಕಾರಣವಿದೆ. ಒಬ್ಬ ಅಜ್ಜಿ ತನ್ನ ಮಗನ ಹಾಸಿಗೆಯ ಕೆಳತುದಿಯಲ್ಲಿ ಕುಳಿತಿದ್ದಳು. ಅಳುತ್ತಿದ್ದಳು, ಹಣೆಗೆ ವಿಭೂತಿ ಹಚ್ಚಲು ಮತ್ತೆ ಮತ್ತೆ ಏಳುತ್ತಿದ್ದಳು. ಅವಳ ಎರಡೂ ಕೈಗಳನ್ನು ಹಿಡಿದು ಮಗನ ಎರಡು ಪಾದಗಳ ಮೇಲಿಟ್ಟೆ. "ಯವ್ವಾ, ಎರಡೂ ಒಂದ ಸಮ ಬೆಚ್ಚಗದಾವಿಲ್ಲೋ ಅಂತ ನೀ ನೋಡಕೋತ ಇರಬೇಕು. ಒಂದು ತಣ್ಣಗಾತಂದ್ರ ನನ್ನ ಕರಿ." ಅಳು ನಿಂತಿತು. ಎಷ್ಟೋ ಹೊತ್ತಿನ ಮೇಲೆ ಅವಳ ದನಿ: "ಸಿಸ್ಟರ್, ಈ ಪಾದ ಬ್ಯಾರೆ ಆಗೇತಿ ನೋಡು." ಮುಟ್ಟಿದೆ. ಬಲಪಾದ ತಣ್ಣಗಿತ್ತು, ಪಾದದ ಮೇಲಿನ ನಾಡಿ ಬೆರಳಿಗೆ ಸಿಗಲಿಲ್ಲ. ತೊಡೆಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬೇಗ ತಿಳಿದದ್ದರಿಂದ ಅದನ್ನು ತೆಗೆದರು, ಕಾಲು ಉಳಿಯಿತು. ಮಗ ಐಸಿಯುದಲ್ಲಿದ್ದಿದ್ದರೆ ಅವಳು ಹೊರಗೆ ವರಾಂಡದಲ್ಲಿ ಜಮಖಾನೆಯ ಮೇಲೆ ಇರುತ್ತಿದ್ದಳು.

ಇಲ್ಲಿ ನನಗೂ ವೇದಾಂತಕ್ಕೂ ಒಂದು ಜಗಳವಿದೆ. ಮಮಕಾರ ಕಣ್ಣಿಗೆ ಪೊರೆ ಎನ್ನುತ್ತದೆ ಶಾಸ್ತ್ರ. ಆ ಅಜ್ಜಿಯದು ಅಪ್ಪಟ ಮಮಕಾರ. ತನ್ನ ಮಗನ ಪಾದವಲ್ಲದೆ ಬೇರೆ ಯಾರ ಪಾದವನ್ನೂ ಅವಳು ಅಷ್ಟು ಹೊತ್ತು ಹಿಡಿದಿರುತ್ತಿರಲಿಲ್ಲ. ಮಮಕಾರದ ಕೈಗೆ ಏನೂ ಕೆಲಸ ಇಲ್ಲದಾಗ ಅದು ಭಯವಾಗಿ, ಐಸಿಯು ಬೇಕೆಂದು ಕೈಮುಗಿಯುತ್ತದೆ. ಎಲ್ಲಿ ನೋಡಬೇಕೆಂದು ತೋರಿಸಿ ಕೈಗೆ ಕೆಲಸ ಕೊಟ್ಟರೆ ಅದಕ್ಕೇ ಕಣ್ಣು ಬರುತ್ತದೆ. ಪ್ರವಚನಕಾರರ ಸಭೆಯಲ್ಲಿ ಎಬ್ಬಿಸಲು ಎದ್ದು ಬರುವ ಮಂದಿ ಇಂಥವರೇ ಇರಬೇಕು. ಅವರನ್ನು ಬಾಗಿಲ ಹೊರಗಿಟ್ಟು ಕಾವಲನ್ನು ಪೂರ್ಣ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸೋಂಕಿನ ಹೆದರಿಕೆ ನನಗೂ ಗೊತ್ತು. ಕೈ ತೊಳೆಸಿ, ಒಬ್ಬರನ್ನು ಒಳಗೆ ಕೂಡಿಸುವುದು ಅಸಾಧ್ಯವೇನಲ್ಲ.

ಇಷ್ಟೆಲ್ಲ ವಾದವೂ ಮೊದಲ ಎರಡು ದಿನಗಳದು. ಡಿಸ್ಚಾರ್ಜ್ ಆದ ಮೇಲಿನದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಹೆಚ್ಚು ನೋವು ಕೊಡುವುದು ಅದು. ನಾಳ ನೋಡಲು ಬಿಟ್ಟ ಡೈ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಿದ್ದರೆ ಕ್ರಿಯಾಟಿನಿನ್ ಏರುವುದು ಎರಡನೆಯ, ಮೂರನೆಯ ದಿನ. ಕೊಬ್ಬಿನ ಚೂರುಗಳು ಒಡೆದು ಕೆಳಗೆ ಹರಿದಿದ್ದರೆ ಕಾಲ್ಬೆರಳು ನೀಲಿಯಾಗಲು ಇನ್ನೂ ಹೆಚ್ಚು ದಿನ ಹಿಡಿಯಬಹುದು. ನಾಳ ತೆರೆದ ಮೇಲೆ ಬಿಪಿ ಇಳಿದವರು ಹಳೆಯ ಮಾತ್ರೆಗಳನ್ನೇ ಅಷ್ಟನ್ನೂ ನುಂಗುತ್ತಿದ್ದರೆ ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿ ಹೊಲದ ಬದುವಿನ ಮೇಲೆ ಬೀಳುತ್ತಾರೆ. ಆಗ ಅವರು ಐಸಿಯುದಲ್ಲೂ ಇರುವುದಿಲ್ಲ, ವಾರ್ಡಿನಲ್ಲೂ ಇರುವುದಿಲ್ಲ. ಊರಲ್ಲಿರುತ್ತಾರೆ, ಕೈಯಲ್ಲಿ ಓದಲಾಗದ ಇಂಗ್ಲಿಷ್ ಚೀಟಿ ಇರುತ್ತದೆ.

ನಾನಿದ್ದಾಗ ಮೂರನೆಯ ದಿನ ಫೋನ್ ಮಾಡುತ್ತಿದ್ದೆ. ರೋಗಿಯ ಕೈಗೆ ಕೊಡಬೇಡಿ, ಸೊಸೆಗೆ ಕೊಡಿ ಎನ್ನುತ್ತಿದ್ದೆ, ರೋಗಿ ಏನಿಲ್ಲಬೇ ಎಂದುಬಿಡುತ್ತಾರೆ. ಎದ್ದಾಗ ತಲೆ ತಿರುಗುತ್ತದೆಯೇ, ಮೂತ್ರ ಮೊದಲಿನಷ್ಟೇ ಹೋಗುತ್ತದೆಯೇ, ಬೆರಳಿನ ಬಣ್ಣ ಹೇಗಿದೆ, ರಕ್ತ ಪರೀಕ್ಷೆಗೆ ಹೋಗಿ ಬಂದರೇ. ಸೊಸೆಯರು ಪಾದ ನೋಡಿ ಬಂದು ಹೇಳುತ್ತಿದ್ದರು. ಈ ಫೋನು ಯಾವ ಡ್ಯೂಟಿ ಪಟ್ಟಿಯಲ್ಲೂ ಇರಲಿಲ್ಲ. ಇರಬೇಕು, ಸಿಸ್ಟರಿನ ಹೆಸರು ಹಚ್ಚಿ, ವೇಳೆ ಹಚ್ಚಿ ಇರಬೇಕು. ಚೀಟಿ ಕನ್ನಡದಲ್ಲಿರಬೇಕು. ನಿಲ್ಲಿಸಬೇಕಾದ ಮಾತ್ರೆಯ ಹೆಸರು ಅದರಲ್ಲಿ ಎಲ್ಲಕ್ಕಿಂತ ಮೇಲಿರಬೇಕು, ಕೆಳಗೆ ಆ ಊರಿನ ಆಶಾ ಕಾರ್ಯಕರ್ತೆಯ ನಂಬರು.